ಟರ್ಬೊ ನಿದ್ದೆಯಲ್ಲಿದ್ದಾಗಿನ ಮೈಲೇಜ್

2023ರ ಏಪ್ರಿಲ್‌ನಲ್ಲಿ ಮಾರುತಿ ಫ್ರಾಂಕ್ಸ್ ಮಾರುಕಟ್ಟೆಗೆ ಬಂದಾಗ ಅದಕ್ಕೆ ಎರಡು ಪೆಟ್ರೋಲ್ ಎಂಜಿನ್‌ಗಳಿದ್ದವು. 1.2 ಲೀಟರಿನ ಸಾದಾ ಎಂಜಿನ್ ಮ್ಯಾನುಯಲ್ ಗೇರಿನಲ್ಲಿ ಲೀಟರಿಗೆ 21.79 ಕಿ.ಮೀ. ಕೊಡುತ್ತದೆಂದು ಕಂಪನಿ ಹೇಳಿತು. 1 ಲೀಟರಿನ ಟರ್ಬೊ 21.5. ಟರ್ಬೊಗೆ ಹತ್ತು ಅಶ್ವಶಕ್ತಿ ಜಾಸ್ತಿ, ಟಾರ್ಕ್ 113ರ ಬದಲು 147.6 ನ್ಯೂಟನ್ ಮೀಟರ್. ಇಷ್ಟೆಲ್ಲ ಕೊಟ್ಟು ಮೈಲೇಜಿನಲ್ಲಿ ಕಳೆದುಕೊಳ್ಳುವುದು 300 ಮೀಟರ್ ಕೂಡ ಅಲ್ಲ ಅಂದರೆ ಯಾರು ಬೇಡ ಅಂದಾರು? ಆದರೆ ಯಾವುದೇ ಕಂಪನಿಯ ಟರ್ಬೊ ಕಾರು ಕೊಂಡವರನ್ನು ಆರು ತಿಂಗಳ ಮೇಲೆ ‘ಎಷ್ಟು ಕೊಡುತ್ತೆ?’ ಅಂತ ಕೇಳಿ ನೋಡಿ. ‘ಅದು ನಾವು ಓಡಿಸೋದರ ಮೇಲೆ ಹೋಗುತ್ತೆ’ ಅನ್ನುತ್ತಾರೆ. ಜಾರಿಕೊಳ್ಳುವ ಉತ್ತರದಂತೆ ಕೇಳಿದರೂ ಬ್ರೋಷರಿನ ಅಂಕಿಗಿಂತ ಅದೇ ಹೆಚ್ಚು ನಿಖರ.

ಬ್ರೋಷರಿನಲ್ಲಿರುವುದು ಸುಳ್ಳಲ್ಲ. ಜನ ‘ಎಆರ್‌ಎಐ ಮೈಲೇಜ್’ ಎಂದು ಕರೆಯುವ ಈ ಅಂಕಿ ರೋಲರ್‌ಗಳ ಮೇಲೆ ಚಕ್ರ ತಿರುಗಿಸಿ, ಗೊತ್ತುಪಡಿಸಿದ ಒಂದು ವೇಗದ ನಕ್ಷೆಯನ್ನು ಅನುಸರಿಸಿ ಪಡೆದದ್ದು. ಹಳೆಯ ಯುರೋಪಿಯನ್ ಪರೀಕ್ಷೆಯನ್ನು ನಮ್ಮ ದೇಶಕ್ಕೆ ತಿದ್ದಿಕೊಂಡ ನಕ್ಷೆ ಅದು. ಒಟ್ಟು 1180 ಸೆಕೆಂಡ್, ಹತ್ತೂವರೆ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ದೂರ, ವೇಗ 90 ದಾಟುವುದೇ ಇಲ್ಲ, ಎಸಿ ಬಂದ್. ಅದರ ನಗರ ಭಾಗದಲ್ಲಿ ನಿಂತಲ್ಲಿಂದ 50ರ ವೇಗಕ್ಕೆ ಏರಲು 26 ಸೆಕೆಂಡ್ ಕೊಡುತ್ತಾರೆ. ಹೊರವರ್ತುಲ ರಸ್ತೆಯಲ್ಲಿ ಹಾಗೆ ಓಡಿಸಿದರೆ ಹಿಂದಿನ ಬಿಎಂಟಿಸಿ ಬಸ್ಸಿನ ಡ್ರೈವರ್ ಹಾರ್ನ್‌ನಿಂದ ಕೈ ತೆಗೆಯಲಾರ.

ಈ ಪರೀಕ್ಷೆ ಎಲ್ಲ ಕಾರುಗಳಿಗೂ ಉದಾರವೇ. ಆದರೆ ಟರ್ಬೊಗೆ ತೋರಿಸುವ ಔದಾರ್ಯ ಬೇರೆಯದೇ ಮಟ್ಟದ್ದು, ನನ್ನ ತಕರಾರು ಇರುವುದು ಅಲ್ಲಿ. ಎಂಜಿನ್‌ನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂತ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಮೆಲ್ಲಗೆ ಓಡಿಸುವಾಗ ಹೊಗೆಯೇ ಕಡಿಮೆ, ಒತ್ತುವ ಕೆಲಸವೂ ಕಡಿಮೆ. ಕಾರು ಆಗ ಬರೀ 1 ಲೀಟರಿನ ಸಣ್ಣ ಎಂಜಿನ್. ಪರೀಕ್ಷೆ ಅಳೆಯುವುದು ಬಹುಪಾಲು ಈ ಸ್ಥಿತಿಯನ್ನು. ಆಕ್ಸಿಲರೇಟರ್ ಒತ್ತಿದಾಗ ಗಾಳಿ ಹೆಚ್ಚುತ್ತದೆ, ಹೆಚ್ಚಿದ ಗಾಳಿಗೆ ತಕ್ಕ ಪೆಟ್ರೋಲನ್ನೂ ಸುರಿಯಲೇಬೇಕು. 1 ಲೀಟರಿನ ಎಂಜಿನ್ ಆಗ ಒಂದೂವರೆ ಲೀಟರಿನದರಂತೆ ಎಳೆಯುತ್ತದೆ, ಅದರಂತೆಯೇ ಕುಡಿಯುತ್ತದೆ. ಭಾರ ಇನ್ನೂ ಹೆಚ್ಚಿದರೆ ಎಷ್ಟೋ ಎಂಜಿನ್‌ಗಳು ಟರ್ಬೊ ಚಕ್ರವೂ ಕ್ಯಾಟಲಿಟಿಕ್ ಕನ್ವರ್ಟರೂ ಸುಡದಿರಲೆಂದು, ಉರಿಸಲು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತವೆ. ಆ ಪೆಟ್ರೋಲ್ ಕಾರನ್ನು ಒಂದಡಿಯೂ ಮುಂದಕ್ಕೆ ಒಯ್ಯುವುದಿಲ್ಲ.

ಟ್ರಾಫಿಕ್ ಮಾಪನ ಸಂಸ್ಥೆ ಟಾಮ್‌ಟಾಮ್ 2022ಕ್ಕೆ ಕೊಟ್ಟ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು 29 ನಿಮಿಷದ ಮೇಲೆ ಬೇಕಿತ್ತು. ಪರೀಕ್ಷೆಯಲ್ಲಿ ಅದಕ್ಕಿಂತ ತುಸು ಹೆಚ್ಚು ದೂರ 20 ನಿಮಿಷದೊಳಗೆ ಮುಗಿಯುತ್ತದೆ. ಮಿಕ್ಕ ಹೊತ್ತು ಎಸಿ ಹಾಕಿಕೊಂಡು ನಿಂತದ್ದು, ಎರಡು ಕಾರುದ್ದ ಜಾಗ ಸಿಕ್ಕಿದ್ದೇ ತಡ ನುಗ್ಗಿದ್ದು. ಹೀಗೆ ನುಗ್ಗುವಾಗಲೆಲ್ಲ ಟರ್ಬೊ ಎಚ್ಚರಾಗುತ್ತದೆ, ಬ್ರೇಕ್ ಒತ್ತಿದಾಗ ಗಳಿಸಿದ ವೇಗವೆಲ್ಲ ಶಾಖವಾಗಿ ಹೋಗುತ್ತದೆ. ಮೈಸೂರು ಹೆದ್ದಾರಿಯಲ್ಲಿ ಮಿತಿ ಮೀರದೆ 100ರಲ್ಲಿ ಹೋದರೂ, ಪರೀಕ್ಷೆಯ ಗರಿಷ್ಠ 90ಕ್ಕೆ ಹೋಲಿಸಿದರೆ ಗಾಳಿಯ ತಡೆ ಸುಮಾರು ಕಾಲು ಪಾಲು ಹೆಚ್ಚು.

ಹಾಗಂತ ಟರ್ಬೊವನ್ನು ಬೈದು ಮುಗಿಸಿದರೆ ಅನ್ಯಾಯವಾದೀತು. ಶಿರಾಡಿ ಘಾಟಿಯಲ್ಲಿ ನಾಲ್ಕು ಜನ, ಸಾಮಾನು ತುಂಬಿಕೊಂಡು ಹತ್ತುವಾಗ ಲೆಕ್ಕ ತಿರುಗುತ್ತದೆ. ಫ್ರಾಂಕ್ಸ್‌ನ ಸಾದಾ ಎಂಜಿನ್‌ನ ಪೂರ್ತಿ ಟಾರ್ಕ್ ಸಿಗುವುದು 4400 ಸುತ್ತಿನಲ್ಲಿ. ಟರ್ಬೊಗೆ 2000ದಲ್ಲೇ ಸಿಗುತ್ತದೆ. ಒಂದು ಗೇರ್ ಇಳಿಸಿ ಅರಚುತ್ತ ಹತ್ತುವ ಕಾರು ಅಲ್ಲಿ ಉಳಿಸುವುದು ಅಷ್ಟರಲ್ಲೇ ಇದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ತೆಳು ಗಾಳಿಯಲ್ಲಿ ಸಾದಾ ಎಂಜಿನ್‌ಗೆ ಸುಮಾರು ಹತ್ತರಲ್ಲೊಂದು ಪಾಲು ಕಸುವು ಕಮ್ಮಿ. ಟರ್ಬೊ ಆ ಕೊರತೆಯನ್ನು ಹೆಚ್ಚು ಒತ್ತಿ ತುಂಬಿಕೊಳ್ಳಬಲ್ಲದು. ಬಯಲು ರಸ್ತೆಯಲ್ಲಿ ಒಂದೇ ಸಮ 80ರಲ್ಲಿ ಓಡಿಸುವವರಿಗೆ ಬ್ರೋಷರಿನ ಅಂಕಿ ಕೈಗೆಟುಕುವಷ್ಟು ಹತ್ತಿರವೂ ಬಂದೀತು.

ನಮ್ಮಲ್ಲಿ ಸಣ್ಣ ಟರ್ಬೊಗಳು ಹೆಚ್ಚಿದ್ದಕ್ಕೆ ಇಂಧನ ಉಳಿತಾಯದಷ್ಟೇ ತೆರಿಗೆಯೂ ಕಾರಣ. ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಇದ್ದರೆ ಜಿಎಸ್‌ಟಿ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅಂಥವಕ್ಕೆ ಶೇ 18, ದೊಡ್ಡವಕ್ಕೆ ಶೇ 40. ದೊಡ್ಡ ಕಾರಿನ ಪಿಕಪ್ಪನ್ನು ಸಣ್ಣ ಕಾರಿನ ತೆರಿಗೆಯಲ್ಲಿ ಮಾರಬೇಕಾದರೆ ಟರ್ಬೊ ಬಿಟ್ಟು ಬೇರೆ ಸುಲಭದ ದಾರಿಯಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಆ ಪಿಕಪ್ಪೂ ಬ್ರೋಷರಿನ ಮೈಲೇಜೂ ಏಕಕಾಲಕ್ಕೆ ಸಿಗುತ್ತವೆಂಬ ಭಾವನೆ ಹುಟ್ಟಿಸುವುದು ತಪ್ಪು. ಬಂಕಿನಲ್ಲಿ ಈಗ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಶಕ್ತಿಯೇ ಸ್ವಲ್ಪ ಕಮ್ಮಿ ಅನ್ನುವುದು ನಿಜ, ಆದರೆ ಅದು ಸಾದಾ ಎಂಜಿನ್‌ಗೂ ಅನ್ವಯಿಸುವ ಮಾತು. ಟರ್ಬೊ ಮಾಲೀಕರು ಎಲ್ಲ ಕೊರತೆಯನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ.

ಅಮೆರಿಕದಲ್ಲಿ 2008ರ ಮಾದರಿಗಳಿಂದಲೇ ಎಸಿ ಹಾಕಿದ ಓಟ, ಹೆಚ್ಚಿನ ವೇಗ, ಚಳಿ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು, ನಗರಕ್ಕೊಂದು ಹೆದ್ದಾರಿಗೊಂದು ಅಂಕಿಯನ್ನು ಕಾರಿನ ಗಾಜಿಗೇ ಅಂಟಿಸುತ್ತಾರೆ. ನಮ್ಮಲ್ಲೂ ಹಾಗೆ ಮಾಡಿದ್ದರೆ ರಾಜಾಜಿನಗರದಿಂದ ದಿನಾ ವೈಟ್‌ಫೀಲ್ಡಿಗೆ ಹೋಗುವವರು ಟರ್ಬೊದ ನಗರದ ಅಂಕಿ ನೋಡಿ ಸಾದಾ ಎಂಜಿನ್ನಿನತ್ತ ತಿರುಗುತ್ತಿದ್ದರೇನೋ. ವಾರಕ್ಕೊಮ್ಮೆ ಸಕಲೇಶಪುರದ ದಾರಿ ಹಿಡಿಯುವವರು ಗೊತ್ತಿದ್ದೇ ಟರ್ಬೊ ಕೊಳ್ಳುತ್ತಿದ್ದರು.