ಯಾರ ಕೈಯಲ್ಲಿ ಬಿದ್ದು ಕಲಿತವರು? ಐಕಿಡೊ ಶಿಕ್ಷಕರ ಪರಿಚಯಪತ್ರವನ್ನು ಓದುವ ಬಗೆ

ಐಕಿಡೊ ಶಾಲೆಯ ಕರಪತ್ರದಲ್ಲಿ ವೇಳೆ, ಶುಲ್ಕ, ವಿಳಾಸಗಳ ಜೊತೆ ತಪ್ಪದೆ ಇರುವ ಭಾಗ ಶಿಕ್ಷಕರ ಪರಿಚಯ. ಜೂಡೊ ಶಿಕ್ಷಕರಿಗೆ ತಾವು ಗೆದ್ದ ಪದಕಗಳಿರುತ್ತವೆ. ಗರಡಿಯ ಉಸ್ತಾದರಿಗೆ ಕಣದಲ್ಲಿ ಗೆದ್ದುಬಂದ ಶಿಷ್ಯರಿರುತ್ತಾರೆ. ಐಕಿಡೊದ ಬಹುಪಾಲು ಶಾಖೆಗಳಲ್ಲಿ ಸ್ಪರ್ಧೆಯೇ ಇಲ್ಲ. ಸೋಲು ಗೆಲುವಿನ ದಾಖಲೆಯಿಲ್ಲದ ಈ ವಿದ್ಯೆಯಲ್ಲಿ, ಕಲಿಸುವವರು ಯಾರ ಬಳಿ, ಎಷ್ಟು ಕಾಲ, ಹೇಗೆ ಕಲಿತರು ಎಂಬುದೇ ಹೊರಗಿನವರ ಕೈಗೆ ಸಿಗುವ ಮುಖ್ಯ ಸಾಕ್ಷ್ಯ. ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್‌.ಟಿ. ನಗರ, ಯಶವಂತಪುರದ ಬಡಾವಣೆಗಳಲ್ಲಿ ಕರಾಟೆ ತರಗತಿಯ ಫಲಕಗಳಿಗೆ ಬರವಿಲ್ಲ, ಐಕಿಡೊದ ಫಲಕ ಅಪರೂಪ. ಒಂದು ಶಾಲೆಯನ್ನು ಪಕ್ಕದ ಇನ್ನೊಂದರ ಜೊತೆ ಹೋಲಿಸಿ ನೋಡುವ ಅವಕಾಶ ಕಡಿಮೆ ಇರುವಲ್ಲಿ ಪರಿಚಯದ ನಾಲ್ಕು ಸಾಲುಗಳ ಮೇಲೆ ಬೀಳುವ ಭಾರ ಹೆಚ್ಚು.

ಆ ಸಾಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಡಾನ್ ದರ್ಜೆ, ಗುರುಪರಂಪರೆ, ಹಿಂದೆ ಕಲಿತ ಬೇರೆ ವಿದ್ಯೆಗಳು ಮತ್ತು ಭಾಗವಹಿಸಿದ ಶಿಬಿರಗಳು. ಅಚ್ಚಿನಲ್ಲಿ ನಾಲ್ಕೂ ಒಂದೇ ಅಳತೆಯ ಅಕ್ಷರದಲ್ಲಿ ಬಂದರೂ ಅವುಗಳ ತೂಕ ಒಂದೇ ಅಲ್ಲ.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಡಾನ್. ಸಮರಕಲೆಗೆ ಡಾನ್ ದರ್ಜೆಯನ್ನು ತಂದವರು ಜೂಡೊದ ಸ್ಥಾಪಕ ಜಿಗೊರೊ ಕಾನೊ. 1883ರಲ್ಲಿ ಅವರು ಇಬ್ಬರು ಶಿಷ್ಯರಿಗೆ ಕೊಟ್ಟದ್ದೇ ಮೊದಲನೆಯದು. ಐಕಿಡೊ ಅದನ್ನು ಅಲ್ಲಿಂದ ಎರವಲು ಪಡೆಯಿತು. ಮೊದಲ ದರ್ಜೆಯಾದ ‘ಶೋದಾನ್’ ಪದದ ಅರ್ಥವೇ ಆರಂಭದ ಮೆಟ್ಟಿಲು. ನಮ್ಮಲ್ಲಿ ಕಪ್ಪು ಪಟ್ಟಿ ಎಂದರೆ ಪಾರಂಗತರು ಎಂಬ ಭಾವನೆ ಬೇರೂರಿದೆ. ಜಪಾನಿನಲ್ಲಿ ಅದು ಅಕ್ಷರಾಭ್ಯಾಸ ಮುಗಿದ ಗುರುತು. ಟೋಕಿಯೊದ ಐಕಿಕಾಯಿ ಸಂಸ್ಥೆಯ ನಿಯಮದಂತೆ ಎರಡನೇ ಡಾನ್‌ಗೆ ಹಿಂದಿನ ದರ್ಜೆಯ ನಂತರ ಕನಿಷ್ಠ 200 ದಿನಗಳ ಅಭ್ಯಾಸ ಬೇಕು, ಮೂರನೆಯದಕ್ಕೆ 300, ನಾಲ್ಕನೆಯದಕ್ಕೆ 400. ಇಲ್ಲಿ ಲೆಕ್ಕಕ್ಕೆ ಬರುವುದು ಕ್ಯಾಲೆಂಡರಿನ ದಿನಗಳಲ್ಲ, ಚಾಪೆಯ ಮೇಲೆ ಕಳೆದ ದಿನಗಳು.

ಈ ಲೆಕ್ಕವನ್ನು ಬೆಂಗಳೂರಿನ ವಾಡಿಕೆಗೆ ಹೊಂದಿಸಿದರೆ ಪರಿಚಯಪತ್ರ ಬೇರೆಯಾಗಿ ಕಾಣುತ್ತದೆ. ಸಂಜೆ ಕೆಲಸ ಮುಗಿಸಿ, ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆ ದಾಟಿ, ವಾರಕ್ಕೆ ಎರಡು ದಿನ ತರಗತಿಗೆ ಹೋಗುವವರಿಗೆ ವರ್ಷದಲ್ಲಿ ಸಿಗುವುದು ಹೆಚ್ಚೆಂದರೆ ನೂರು ದಿನ. ಆ ವೇಗದಲ್ಲಿ ಮೊದಲ ಡಾನ್‌ನಿಂದ ನಾಲ್ಕನೆಯದಕ್ಕೆ 900 ದಿನ, ಅಂದರೆ ಒಂಬತ್ತು ವರ್ಷ. ಅದಕ್ಕಿಂತ ಬೇಗ ಏರಿದವರು ಬೇರೆಲ್ಲೋ ದಿನವೂ ಅಭ್ಯಾಸ ಮಾಡಿರಬೇಕು. ಹಾಗಿದ್ದರೆ ಆ ಊರು, ಆ ಶಾಲೆ ಪರಿಚಯದಲ್ಲಿ ಇರಬೇಕು. ವರ್ಷ, ಸ್ಥಳ, ದರ್ಜೆ ಕೊಟ್ಟ ಸಂಸ್ಥೆ ಮೂರನ್ನೂ ಹೇಳುವ ಪರಿಚಯವನ್ನು ಹೀಗೆ ತಾಳೆ ನೋಡಬಹುದು. ‘ಉನ್ನತ ದರ್ಜೆಯ ಕಪ್ಪು ಪಟ್ಟಿ’ ಎಂದಷ್ಟೇ ಬರೆದರೆ ತಾಳೆ ನೋಡಲು ಏನೂ ಉಳಿಯುವುದಿಲ್ಲ.

ಡಾನ್‌ಗೆ ಇನ್ನೊಂದು ಮಿತಿಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ಮೈಕಟ್ಟು, ಬಲ, ಕೌಶಲಗಳನ್ನು ನೋಡಿ ವರ್ಗ ಮಾಡಿದ್ದಾನೆ. ಆ ವರ್ಗೀಕರಣದ ಹಿಂದೆ ಅರಸನ ಎದುರು ನಡೆಯುವ ಕಾಳಗವಿತ್ತು. ಐಕಿಡೊ ಪರೀಕ್ಷೆಯಲ್ಲಿ ಜೊತೆಗಾರ ಒಪ್ಪಿಕೊಂಡ ದಾಳಿಯನ್ನೇ ಮಾಡುತ್ತಾನೆ, ಒಪ್ಪಿಕೊಂಡಂತೆ ಬೀಳುತ್ತಾನೆ. ಅಂಕ ಹಾಕುವುದು ಪರೀಕ್ಷಕರ ಕಣ್ಣು. ಐಕಿಕಾಯಿಯಲ್ಲಿ ಐದನೇ ಡಾನ್‌ನಿಂದ ಮೇಲಕ್ಕೆ ಪರೀಕ್ಷೆಗಿಂತ ಶಿಫಾರಸಿನ ದಾರಿಯೇ ಮುಖ್ಯ. ಹೀಗಾಗಿ ದರ್ಜೆಯ ಬೆಲೆ ಅದನ್ನು ಕೊಟ್ಟವರ ಬೆಲೆಯನ್ನು ಅವಲಂಬಿಸಿದೆ. ಡಾನ್‌ನ ಸಂಖ್ಯೆ ಓದುಗರನ್ನು ಕೊನೆಗೂ ಗುರುಪರಂಪರೆಯ ಸಾಲಿಗೇ ಕಳಿಸುತ್ತದೆ.

ಪರಂಪರೆಯ ಸಾಲು ಪರಿಚಯದ ಅತ್ಯಂತ ಉಪಯುಕ್ತ ಭಾಗ, ಅತಿ ಅಸ್ಪಷ್ಟವಾಗಿ ಬರೆಯುವ ಭಾಗವೂ ಹೌದು. ಐಕಿಡೊ ಎಂಬುದು ಒಂದೇ ಮನೆಯಲ್ಲ. ಸ್ಥಾಪಕ ಮೊರಿಹೇಯಿ ಉಯೆಶಿಬಾ (1883–1969) 1915ರಲ್ಲಿ ಹೊಕ್ಕೈಡೊದಲ್ಲಿ ಸೊಕಾಕು ತಕೇಡಾ ಅವರಿಂದ ದೈತೊ-ರ್‍ಯು ಜುಜುತ್ಸು ಕಲಿಯತೊಡಗಿದವರು. ಮುಂದೆ ಒಮೊತೊ ಪಂಥದ ಪ್ರಭಾವದಲ್ಲಿ ಆ ವಿದ್ಯೆಗೆ ಬೇರೆ ಅರ್ಥ ಕೊಟ್ಟರು. 1931ರಲ್ಲಿ ಟೋಕಿಯೊದಲ್ಲಿ ಅವರ ಕೊಬುಕಾನ್ ಶಾಲೆ ತೆರೆಯಿತು. ಅವರ ಶಿಷ್ಯರಲ್ಲಿ ಗೊಜೊ ಶಿಯೊಡಾ 1955ರಲ್ಲಿ ಯೊಶಿಂಕಾನ್ ಆರಂಭಿಸಿದರು. ನಿಲುವು, ಹೆಜ್ಜೆಗಳನ್ನು ಬಿಡಿಬಿಡಿಯಾಗಿ ತಿದ್ದುವುದು ಅಲ್ಲಿನ ಪದ್ಧತಿ. ಕೆಂಜಿ ತೊಮಿಕಿ ವಸೇಡಾ ವಿಶ್ವವಿದ್ಯಾಲಯದಲ್ಲಿ ಸ್ಪರ್ಧೆಯುಳ್ಳ ಐಕಿಡೊವನ್ನು ಕಟ್ಟಿದರು. ಕೊಯಿಚಿ ತೊಹೇಯಿ 1974ರಲ್ಲಿ ಐಕಿಕಾಯಿ ಬಿಟ್ಟು, ‘ಕಿ’ ಅಂದರೆ ಪ್ರಾಣಶಕ್ತಿಯನ್ನು ಮುಂದಿಟ್ಟ ತಮ್ಮದೇ ದಾರಿ ಹಿಡಿದರು. ಇವಾಮಾ ಹಳ್ಳಿಯಲ್ಲಿ ಮೊರಿಹಿರೊ ಸೈತೊ ಮರದ ಕತ್ತಿ, ಕೋಲುಗಳ ಅಭ್ಯಾಸವನ್ನು ಬರಿಗೈ ಪಟ್ಟುಗಳ ಜೊತೆಗೇ ಉಳಿಸಿಕೊಂಡರು.

ಸಂಗೀತದಲ್ಲಿ ಬಾನಿ ಹೇಳದೆ ‘ಶಾಸ್ತ್ರೀಯ ಗಾಯಕರು’ ಎಂದರೆ, ಯಕ್ಷಗಾನದಲ್ಲಿ ತಿಟ್ಟು ಹೇಳದೆ ‘ಕಲಾವಿದರು’ ಎಂದರೆ ಬಲ್ಲವರಿಗೆ ಏನೂ ತಿಳಿಯುವುದಿಲ್ಲ. ‘ಸ್ಥಾಪಕರ ನೇರ ಪರಂಪರೆ’ ಎಂಬ ಮಾತಿನದೂ ಅದೇ ಸ್ಥಿತಿ: ಇಂದು ಕಲಿಸುವ ಬಹುತೇಕ ಎಲ್ಲರೂ ಹೇಗೋ ಉಯೆಶಿಬಾ ಅವರಿಗೇ ಸೇರುತ್ತಾರೆ. ತಿಳಿಯಬೇಕಾದದ್ದು ಮೇಲಿನ ದೊಡ್ಡ ಹೆಸರಲ್ಲ, ಕೆಳಗಿನ ಕೊನೆಯ ಕೊಂಡಿ. ಈ ಶಿಕ್ಷಕರ ಕೈ ಹಿಡಿದು ತಿದ್ದಿದವರು ಯಾರು, ಆ ನಂಟು ಈಗಲೂ ಇದೆಯೇ?

ಹೊರಗಿನ ಶಿಕ್ಷಕರನ್ನು ಅವರ ಹಿನ್ನೆಲೆ ನೋಡಿ ಕರೆಸಿಕೊಳ್ಳುವುದು ಭಾರತಕ್ಕೆ ಹೊಸದಲ್ಲ. ರವೀಂದ್ರನಾಥ ಟ್ಯಾಗೋರರು 1929ರಲ್ಲಿ ಜೂಡೊ ಕಲಿಸಲು ಶಾಂತಿನಿಕೇತನಕ್ಕೆ ಬರಮಾಡಿಕೊಂಡ ಶಿಂಜೊ ತಕಗಾಕಿ ಕಾನೊ ಅವರ ಕೊಡೊಕಾನ್‌ನಲ್ಲಿ ಪಳಗಿದವರು. ಅಲ್ಲಿ ಒಂದು ಪ್ರಸಿದ್ಧ ಸಂಸ್ಥೆಯ ಹೆಸರೇ ಜಾಮೀನಾಗಿ ನಿಂತಿತ್ತು. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಕುಸ್ತಿ, ಜೂಡೊಗಳ ಶಿಕ್ಷಕರಿಗೆ ಇಂದು ಅಂಥದೇ ಜಾಮೀನು. ಐಕಿಡೊ ಶಿಕ್ಷಕರಿಗೆ ಆ ಬಗೆಯ ಸರ್ಕಾರಿ ಮುದ್ರೆಯಿಲ್ಲ. ಶಾಖೆಯ ಪ್ರಮಾಣಪತ್ರವೇ ಅವರಿಗಿರುವ ಕಾಗದ.

ಮೂರನೆಯದು ಹಿಂದಿನ ವಿದ್ಯೆಗಳ ಪಟ್ಟಿ. ಕರಾಟೆ, ಜೂಡೊ, ಟೇಕ್ವಾಂಡೊ, ಯೋಗ ಎಂದು ಉದ್ದಕ್ಕೆ ಸಾಗುವ ಪಟ್ಟಿಯನ್ನು ಹಲವರು ಯೋಗ್ಯತೆಯ ರಾಶಿಯಂತೆ ಓದುತ್ತಾರೆ. ಬೇರೆ ವಿದ್ಯೆಯಿಂದ ಬಂದವರೇ ಐಕಿಡೊವನ್ನು ಬೆಳೆಸಿದ್ದು ನಿಜ: ತೊಮಿಕಿ ಜೂಡೊದವರು, ಶಿಯೊಡಾ ಕೂಡ ಮೊದಲು ಜೂಡೊ ಕಲಿತವರು, ಮಿನೊರು ಮೊಚಿಜುಕಿಯನ್ನು 1930ರಲ್ಲಿ ಉಯೆಶಿಬಾ ಬಳಿಗೆ ಕಳಿಸಿದವರು ಸ್ವತಃ ಕಾನೊ. ಆದರೆ ಹಿಂದಿನ ವಿದ್ಯೆ ಬಲವಾದಂತೆ ತೊಡಕೂ ಆಗುತ್ತದೆ. ಜೂಡೊದಿಂದ ಬಂದವರಿಗೆ ಬೀಳುವುದು ಗೊತ್ತು, ಆದರೆ ಹಿಡಿತ ಬಿಗಿಸುವ ಚಾಳಿ ಬಿಡುವುದಿಲ್ಲ. ಕರಾಟೆಯಿಂದ ಬಂದವರ ಗುದ್ದು ನಿಜವಾದ ಗುದ್ದು, ಅದು ಕಲಿಯುವವರಿಗೆ ಲಾಭ. ಆದರೆ ದಾಳಿಯ ಜೊತೆ ಸುತ್ತಿ ತಿರುಗುವ ಐಕಿಡೊ ಹೆಜ್ಜೆ ಅವರ ಕಾಲಿಗೆ ತಡವಾಗಿ ಬರುತ್ತದೆ. ಪಟ್ಟಿಯ ಉದ್ದಕ್ಕಿಂತ ಪ್ರತಿಯೊಂದಕ್ಕೂ ಕೊಟ್ಟ ವರ್ಷಗಳು ಮುಖ್ಯ. ಹದಿನೈದು ವರ್ಷದಲ್ಲಿ ಆರು ವಿದ್ಯೆ ಎಂದರೆ ಒಂದೊಂದಕ್ಕೆ ಸಿಕ್ಕಿದ್ದು ಎರಡೂವರೆ ವರ್ಷ.

ಶಿಬಿರಗಳ ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾರಾಂತ್ಯದ ಎರಡು ದಿನ, ನೂರು ಜನರ ನಡುವೆ, ‘ಶಿಹಾನ್’ ಎನಿಸಿದ ಹಿರಿಯ ಗುರುವೊಬ್ಬರ ಕೈ ಒಮ್ಮೆ ತಾಗಿದರೆ ಅದು ಸ್ಫೂರ್ತಿ. ಶಿಕ್ಷಣ ಎನ್ನಲು ಸಾಲದು. ಅದೇ ಶಿಹಾನರ ಶಿಬಿರಕ್ಕೆ ಹತ್ತು ವರ್ಷ ಬಿಡದೆ ಹೋಗಿದ್ದರೆ ಮಾತ್ರ ಅದು ಪರಂಪರೆಯ ಸಾಲಿಗೆ ಸೇರುತ್ತದೆ. ಫೋಟೊದಲ್ಲಿ ಈ ಎರಡರ ವ್ಯತ್ಯಾಸ ಕಾಣುವುದಿಲ್ಲ.

ಪರಿಚಯಪತ್ರದ ದೊಡ್ಡ ಕೊರತೆ ಇರುವುದು ಅದು ಬಿಡುವ ವಿಷಯದಲ್ಲಿ. ಐಕಿಡೊದಲ್ಲಿ ಗುರು ಪಟ್ಟು ತೋರಿಸುವಾಗ ಒಬ್ಬ ಶಿಷ್ಯನನ್ನು ಎದುರಿಗೆ ಕರೆಯುತ್ತಾರೆ. ದಾಳಿ ಮಾಡಿ, ಎಸೆತ ಉಂಡು, ಉರುಳಿ ಏಳುವ ಆ ಪಾತ್ರಕ್ಕೆ ‘ಉಕೆ’ ಎಂದು ಹೆಸರು. ಬೀಳುವ ಕಲೆ ‘ಉಕೆಮಿ’. ಸುತ್ತ ಕೂತವರು ಪಟ್ಟನ್ನು ಕಣ್ಣಿನಿಂದ ಕಲಿತರೆ ಉಕೆ ಅದನ್ನು ಮಣಿಕಟ್ಟು, ಮೊಣಕೈ, ಬೆನ್ನುಹುರಿಯಿಂದ ಕಲಿಯುತ್ತಾನೆ. ಸಮತೋಲ ತಪ್ಪುವ ಕ್ಷಣ ಯಾವುದು, ಕೀಲು ಎಲ್ಲಿಯವರೆಗೆ ತಾಳುತ್ತದೆ ಎಂಬ ತಿಳಿವು ಹೊರಗೆ ನಿಂತವರಿಗೆ ಬರುವುದಿಲ್ಲ. ಒಬ್ಬ ಸಮರ್ಥ ಗುರುವಿನ ಕೈಯಲ್ಲಿ ಸಾವಿರಾರು ಸಲ ಬಿದ್ದವರು ಎಂಬುದು ಶಿಕ್ಷಕರ ನಿಜವಾದ ಪದವಿ. ಆದರೆ ಪರಿಚಯಗಳು ಎಸೆದ ಕಥೆಯನ್ನಷ್ಟೇ ಹೇಳುತ್ತವೆ. ಫೋಟೊದಲ್ಲಿ ಶಿಕ್ಷಕರು ನಿಂತಿರುತ್ತಾರೆ, ಬೀಳುವವನ ಮುಖವೂ ಕಾಣುವುದಿಲ್ಲ.

ಈ ಕೊರತೆಗೆ ಸುರಕ್ಷತೆಯ ಮುಖವಿದೆ. ‘ಶಿಹೋನಗೆ’ ಎಂಬ ಎಸೆತದಲ್ಲಿ ಬೀಳುವವನ ಕೈ ತಲೆಯ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಎಸೆಯುವವನು ಅವಸರ ಮಾಡಿದರೆ ತಲೆಯ ಹಿಂಭಾಗ ನೇರ ನೆಲಕ್ಕೆ ಬಡಿಯುತ್ತದೆ. ಜಪಾನಿನ ವಿಶ್ವವಿದ್ಯಾಲಯಗಳ ಐಕಿಡೊ ಕ್ಲಬ್‌ಗಳಲ್ಲಿ ಇದರಿಂದ ಗಂಭೀರ ಅಪಘಾತಗಳಾಗಿವೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಟೈಲ್ಸ್ ನೆಲದ ಮೇಲೆ ಜೋಡಿಸಿದ ತೆಳು ಫೋಮ್ ಮ್ಯಾಟ್‌ಗಳ ಮೇಲೆ ನಡೆಯುವ ತರಗತಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದಾರೆಯೇ, ಮಕ್ಕಳಿಗೆ ಕಲಿಸಿದ ಅನುಭವವಿದೆಯೇ, ಮಕ್ಕಳ ಮೈಮುಟ್ಟಿ ತಿದ್ದಬೇಕಾದ ವಿದ್ಯೆಯಲ್ಲಿ 2012ರ ಪೋಕ್ಸೊ ಕಾಯ್ದೆಯ ಅರಿವಿದೆಯೇ ಎಂಬುದೂ ಹಿನ್ನೆಲೆಯ ಭಾಗವೇ. ಇವು ಡಾನ್‌ನ ಪಕ್ಕದಲ್ಲಿ ಅಚ್ಚಾಗಬೇಕಾದ ಸಂಗತಿಗಳು.

ಶಿಕ್ಷಕರು ಹಗಲು ಬೇರೆ ಉದ್ಯೋಗದಲ್ಲಿದ್ದಾರೆ ಎಂಬುದನ್ನು ಕೊರತೆ ಎಂದು ಎಣಿಸಬೇಕಿಲ್ಲ. ಪರಿಚಯಗಳು ಇದನ್ನು ಮುಚ್ಚಿಡುವುದೂ ಉಂಟು, ಅದು ಅನಗತ್ಯ. ಗರಡಿಯ ಉಸ್ತಾದರಲ್ಲೂ ಸಾಮು ಕಲಿಸಿಯೇ ಹೊಟ್ಟೆ ಹೊರೆದವರು ಕಡಿಮೆ. ಅವರ ಗರಡಿಗೆ ಪರಿಚಯಪತ್ರ ಬೇಕಿರಲಿಲ್ಲ. ಮಟ್ಟಿಗೆ ಇಳಿದ ಶಿಷ್ಯನ ಪಟ್ಟು ನೋಡಿ ಊರು ಉಸ್ತಾದರನ್ನು ಗುರುತಿಸುತ್ತಿತ್ತು. ಐಕಿಡೊಗೆ ಕಣವಿಲ್ಲದಿದ್ದರೂ ಆ ಪರೀಕ್ಷೆ ಪೂರ್ತಿ ಇಲ್ಲವಾಗಿಲ್ಲ. ಒಂದು ಸಂಜೆ ತರಗತಿಯ ಅಂಚಿನಲ್ಲಿ ಕೂತರೆ ಐದು ವರ್ಷ ಕಲಿತ ವಿದ್ಯಾರ್ಥಿಗಳು ಹೇಗೆ ಬೀಳುತ್ತಾರೆ, ತಮಗಿಂತ ಬಡಕಲು ಮೈಯವರನ್ನು ಹೇಗೆ ಎಸೆಯುತ್ತಾರೆ, ಎಷ್ಟು ಜನರ ಮಣಿಕಟ್ಟಿಗೆ ಪಟ್ಟಿ ಸುತ್ತಿದೆ ಎಂಬುದು ಕಾಣುತ್ತದೆ. ಪರಿಚಯಪತ್ರದಲ್ಲಿ ವರ್ಷ, ಶಾಖೆ, ಕೊನೆಯ ಗುರುವಿನ ಹೆಸರು ಸ್ಪಷ್ಟವಾಗಿದ್ದು, ಚಾಪೆಯ ಮೇಲಿನ ನೋಟ ಅದಕ್ಕೆ ತಾಳೆಯಾದರೆ ಎರಡನೇ ಡಾನ್‌ನ ಶಿಕ್ಷಕರೂ ಸಾಕು. ತಾಳೆಯಾಗದಿದ್ದರೆ ಆರನೆಯದೂ ಸಾಲದು.