ಚದುರಂಗದ ಕಾಳುಗಳನ್ನು ಸವಿಯುವ ಬಗೆ

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಕೇಳಿ ರಾಜನ ಕಣಜ ಬರಿದು ಮಾಡಿದ ಜಾಣನ ಕಥೆ ಎಲ್ಲರಿಗೂ ಗೊತ್ತು. 64 ಮನೆಗಳ ಒಟ್ಟು ಕಾಳು 18446744073709551615. ರಾಜ ಬೆಚ್ಚಿಬಿದ್ದ ಎಂಬಲ್ಲಿಗೆ ಕಥೆ ಮುಗಿಸುವುದು ವಾಡಿಕೆ. ಸಂಖ್ಯೆಯ ರುಚಿ ಹತ್ತಿದವರಿಗೆ ಕಥೆ ಶುರುವಾಗುವುದೇ ಅಲ್ಲಿಂದ.

ಮೊದಲು ಬಾಯಿಬಿಟ್ಟು ಓದಬೇಕು. ಕೋಟಿ ದಾಟಿದೊಡನೆ ನಾಲಿಗೆ ತಡವರಿಸುತ್ತದೆ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ನಮ್ಮದು 20 ಅಂಕಿಗಳ ಸಂಖ್ಯೆ. ಅದರ ಮೊದಲ 1 ಕೂತಿರುವುದು ಮಹಾಶಂಖ ಸ್ಥಾನದಲ್ಲಿ. ಇನ್ನೂ ನಾಲ್ಕು ಸ್ಥಾನ ಅವನ ಬಳಿ ಉಳಿದಿವೆ!

ಓದಿದ ಮೇಲೆ ಶಾಲೆಯ ಉಪಾಯಗಳು. ಕೊನೆಯ ಅಂಕಿ 5, ಆದ್ದರಿಂದ ಐದರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 87, ಆದ್ದರಿಂದ ಮೂರರಿಂದಲೂ ಆಗುತ್ತದೆ, ಒಂಬತ್ತರಿಂದ ಆಗದು. ಅಷ್ಟೇ. ಇನ್ನು ಭಾಗಾಕಾರಕ್ಕೆ ಕೂತರೆ ಬೇಸರ ಹಿಡಿಯುತ್ತದೆ.

ಬದಲಿಗೆ ಪಕ್ಕದ ಸಂಖ್ಯೆಯನ್ನು ನೋಡಿ. ಒಂದು ಕೂಡಿಸಿದರೆ, 64 ಎರಡುಗಳನ್ನು ಗುಣಿಸಿದ ಫಲ. ಅದು 4294967296ರ ವರ್ಗ. ವರ್ಗದಿಂದ ಒಂದು ಕಳೆದರೆ ಹೈಸ್ಕೂಲಿನ ಸೂತ್ರ ಕೈಗೆ ಬಂತು: 4294967295 × 4294967297. ಇದರಲ್ಲಿ ಮೊದಲನೆಯದೂ ವರ್ಗಕ್ಕಿಂತ ಒಂದೇ ಕಡಿಮೆ. ಅದನ್ನೂ ಒಡೆಯಿರಿ, 65535 × 65537. ಒಡೆಯುತ್ತ ಹೋದರೆ ಕೊನೆಗೆ ಸಿಗುವುದು:

3 × 5 × 17 × 257 × 65537 × 4294967297

ಪೆನ್ನು ಹಿಡಿದು ನೀವೇ ಮಾಡಿ ನೋಡಬೇಕು. ಓದಿ ಬಿಟ್ಟರೆ ಅರ್ಧ ಸುಖ ತಪ್ಪುತ್ತದೆ.

ಈ ಆರರಲ್ಲಿ ಮೊದಲ ಐದೂ ಅವಿಭಾಜ್ಯಗಳು. 17 ಭುಜಗಳ ನಿಯಮಿತ ಬಹುಭುಜಾಕೃತಿಯನ್ನು ಕೈವಾರ, ಪಟ್ಟಿಗಳಿಂದಲೇ ರಚಿಸಬಹುದೆಂದು ಗಾಸ್ 1796ರಲ್ಲಿ ಕಂಡುಕೊಂಡದ್ದು ಇವೇ ಸಂಖ್ಯೆಗಳ ಗುಣದಿಂದ. ಆರನೆಯದೂ ಅವಿಭಾಜ್ಯವೇ ಎಂದು ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಅದನ್ನು ಮುರಿದ: 641 × 6700417.

641 ಹೇಗೆ ಸಿಕ್ಕಿತು? ಈ ಆರನೆಯ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವು 64ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಲೇಬೇಕು ಎಂಬುದನ್ನು ಆಯ್ಲರ್ ಸಾಧಿಸಿ ತೋರಿಸಿದ. ಹಾಗಾಗಿ ಪರೀಕ್ಷಿಸಬೇಕಾದದ್ದು 193, 257, 449, 577, ಆಮೇಲೆ 641. ಐದೇ ಮೆಟ್ಟಿಲು! ನೂರಾರು ಭಾಗಾಕಾರ ಉಳಿಸಿದ ಈ ಜರಡಿಯೇ ನನ್ನ ಪಾಲಿಗೆ ಇಡೀ ಸಂಖ್ಯೆಯ ಅತಿ ಸೊಗಸಾದ ಜಾಗ. ಕಾಳುಗಳ ಕಥೆ ಅದರ ಮುಂದೆ ಸಪ್ಪೆ. 6700417 ಅವಿಭಾಜ್ಯ, ಅಲ್ಲಿಗೆ ಒಟ್ಟು ಏಳು ಅವಿಭಾಜ್ಯಗಳು, ಒಂದೂ ಮರುಕಳಿಸಿಲ್ಲ.

ರುಚಿ ಹತ್ತಿದ್ದರೆ ನಮ್ಮ ಸಂಖ್ಯೆಗೆ ಒಂದರ ಬದಲು ಎರಡು ಕೂಡಿಸಿ. 3, 5, 17 ಎಂದು ಶುರುವಾದ ಫರ್ಮಾನ ಸಾಲಿನ ಮುಂದಿನ ಸಂಖ್ಯೆ ಅದೇ, 18446744073709551617. ಅದೂ ಅವಿಭಾಜ್ಯವಲ್ಲ. 1880ರಲ್ಲಿ ಫ್ರಾನ್ಸಿನ ಲಾಂಡ್ರಿ ಅದರ ಒಂದು ಅಪವರ್ತನ 274177 ಎಂದು ಪ್ರಕಟಿಸಿದ. ಭಾಗಿಸಿ ಶೇಷ ಸೊನ್ನೆ ಬರುತ್ತದೆಯೇ ನೋಡಿ. ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಅಷ್ಟು ಅಂಕಿ ಹಿಡಿಯುವುದಿಲ್ಲ, ಕಾಗದವೇ ಆಗಬೇಕು.