ಒಪ್ಪಿಗೆಪತ್ರದ ಕನ್ನಡ

ವಿಮರ್ಶೆಗೆ ಕಾವ್ಯ, ಕಾದಂಬರಿಗಳೇ ಆಗಬೇಕೆಂಬ ನಿಯಮವೇನೂ ಇಲ್ಲ. ಒಂದು ಜೀವ ಯಾವ ಬರಹವನ್ನು ನಂಬಿ ನಡೆಯಬೇಕೋ ಅದೂ ವಿಮರ್ಶೆಗೆ ಅರ್ಹವೇ. ಸ್ತನದ ಕ್ಯಾನ್ಸರು ಬೇರೆ ಅಂಗಗಳಿಗೂ ಹಬ್ಬಿದವರಲ್ಲಿ ಹೊಸ ಔಷಧವನ್ನು ಪರೀಕ್ಷಿಸುವ ಮೊದಲು ಸಹಿಗೆಂದು ಮುಂದಿಡುವ ಒಪ್ಪಿಗೆಪತ್ರವೊಂದನ್ನು ಈಚೆಗೆ ರೋಣದ ಪರಿಚಿತರೊಬ್ಬರು ತಂದು ತೋರಿಸಿದರು. “ಇದು ಕನ್ನಡ ಹೌದೋ ಅಲ್ಲೋ, ನೋಡಿ ಹೇಳ್ರಿ” ಎಂದರು. ಸಹಿ ಹಾಕಬೇಕಾದವರು ಅವರ ಅಕ್ಕ.

ಲಿಪಿಯೇನೋ ಕನ್ನಡದ್ದೇ. ಆದರೆ ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಎಂಬಲ್ಲಿ ಕನ್ನಡ ಕಲಿಸುವ ನಾನೇ ತಡವರಿಸಿದೆ. ಯಾರಿಗೆ ಯಾವ ಔಷಧವೆಂಬುದನ್ನು ವೈದ್ಯರು ಆರಿಸುವುದಿಲ್ಲ, ಚೀಟಿ ಎತ್ತಿದಂತೆ ಗೊತ್ತಾಗುತ್ತದೆ ಎಂದಿಷ್ಟೇ ಅದರ ಅರ್ಥ. ‘ಪ್ರಯೋಗ’ದ ಗತಿ ಇನ್ನೂ ವಿಚಿತ್ರ. ಗಜೇಂದ್ರಗಡದ ಪೇಟೆಯಲ್ಲಿ ಪ್ರಯೋಗವೆಂದರೆ ನಾಟಕ. ಹಳ್ಳಿಯ ಮುದುಕಿಗೆ ಅದು ಮಾಟ. ನವ್ಯರಿಗೆ ಛಂದಸ್ಸಿನ ಸಾಹಸವಾಗಿತ್ತು. ರೋಗಿ ಯಾವ ಅರ್ಥವನ್ನು ಹಿಡಿದು ಸಹಿ ಮಾಡಬೇಕು?

ವಿಷಯವೇ ಗಹನವೆಂಬ ಸಮಾಧಾನ ಸಲ್ಲದು. ಬೆಂಗಳೂರಿನ ಬಯೋಕಾನ್ ಸಂಸ್ಥೆ ಮೈಲಾನ್ ಸಂಸ್ಥೆಯೊಡನೆ ಸಿದ್ಧಪಡಿಸಿದ ಟ್ರಾಸ್ಟುಜುಮಾಬ್ ಔಷಧದ ಪರೀಕ್ಷೆಯನ್ನು ನೋಡಿ. ಹಬ್ಬಿದ ರೋಗದ ೪೫೮ ಮಹಿಳೆಯರ ಫಲಿತಾಂಶ ೨೦೧೭ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಜನಕ್ಕೆ ಮೊದಲಿನಿಂದ ಬಳಕೆಯಲ್ಲಿದ್ದ ಔಷಧ, ಉಳಿದವರಿಗೆ ಈ ಹೊಸದು; ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ೨೪ ವಾರಗಳಲ್ಲಿ ಗಡ್ಡೆ ಕುಗ್ಗಿದ್ದು ಹೊಸದರಲ್ಲಿ ನೂರಕ್ಕೆ ಸುಮಾರು ೭೦, ಹಳೆಯದರಲ್ಲಿ ೬೪ ಮಂದಿಗೆ. ಎರಡೂ ಸಮಬಲವೆಂದು ತೀರ್ಮಾನವಾಯಿತು. ನರಗುಂದದ ಎರೆಹೊಲದಲ್ಲಿ ಹಳೆಯ ಬೀಜದ ಪಕ್ಕದ ಸಾಲಿಗೇ ಹೊಸ ಬೀಜ ಬಿತ್ತಿ ನೋಡುವ ರೈತನಿಗೆ ಈ ನ್ಯಾಯ ಅರ್ಥವಾಗದ್ದೇನಲ್ಲ.

ಆದರೆ ಉಪಮೆ ಅಲ್ಲಿಗೇ ನಿಲ್ಲುತ್ತದೆ. ಹೊಲ ‘ಒಲ್ಲೆ’ ಎನ್ನಲಾರದು, ಹೆಣ್ಣುಮಗಳು ಎನ್ನಬಲ್ಲಳು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೂ ಚಿಕಿತ್ಸೆ ತಪ್ಪದು ಎಂಬ ಮಾತು ನಾನು ಕಂಡ ಪತ್ರದ ಆರನೆಯ ಪುಟದಲ್ಲಿ, ಕರ್ಮಣಿ ಪ್ರಯೋಗದ ಉದ್ದ ವಾಕ್ಯವೊಂದರ ಬಾಲದಲ್ಲಿತ್ತು. ಪತ್ರದ ಪ್ರಾಣವೇ ಆ ಮಾತು. ಅದು ಮೊದಲ ಪುಟದಲ್ಲಿ, ‘ನೀವು’ ಎಂದು ಆರಂಭವಾಗಬೇಕಿತ್ತು.

ಎಲ್ಲವನ್ನೂ ಮನೆಮಾತಿನಲ್ಲಿ ಆ ಅಕ್ಕನಿಗೆ ಓದಿ ಹೇಳಿದೆವು. ಸುಮ್ಮನೆ ಕೇಳಿ, “ಔಷಧ ನಾಟಿದರ, ಪರೀಕ್ಷೆ ಮುಗಿದ ಮ್ಯಾಲೂ ಕೊಡ್ತಾರೇನ್ರಿ?” ಎಂದರು. ಪತ್ರವನ್ನು ಎರಡು ಸಲ ತಿರುವಿದೆ, ಉತ್ತರ ಸಿಗಲಿಲ್ಲ. ಆ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಅಂಚಿಗೆ ಬರೆದು, ಉತ್ತರ ಬರುವವರೆಗೆ ಸಹಿ ಹಾಕಬೇಡಿರೆಂದು ಹೇಳಿ ಕಳಿಸಿದೆ.